ಮಾತ್ರೆಯ ಸಂಕೋಲೆ

ವೃದ್ಧರ ಶುಶ್ರೂಷಾಲಯಗಳಲ್ಲಿ ತಲೆಗೆ ಇಂತಿಷ್ಟು ಹೊತ್ತು ದಾದಿಯರ ಸೇವೆ ದೊರೆಯಲೇಬೇಕೆಂದು ಅಮೇರಿಕೆಯ ಸಂಯುಕ್ತ ಸಂಸ್ಥಾನಗಳ ಸರಕಾರವು 2024ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಒಂದು ನಿಯಮವನ್ನು ವಿಧಿಸಿತು. 2025ರ ಏಪ್ರಿಲದಲ್ಲಿ ಟೆಕ್ಸಾಸ್ ಪ್ರಾಂತದ ಒಂದು ಫೆಡರಲ್ ನ್ಯಾಯಾಲಯವು ಅದನ್ನು ಅಸಿಂಧುವೆಂದು ಸಾರಿತು. ಜುಲೈದಲ್ಲಿ ಅಲ್ಲಿಯ ಕಾಂಗ್ರೆಸ್ ಸಭೆಯು 2034ರ ಸಪ್ಟಂಬರದವರೆಗೆ ಅದನ್ನು ಜಾರಿಗೆ ತರಕೂಡದೆಂದು ಕಾಯದೆ ಮಾಡಿತು. ಡಿಸೆಂಬರದಲ್ಲಿ ಸರಕಾರವೇ ಅದನ್ನು ರದ್ದುಪಡಿಸಿತು. ಕೂಸು ಮಗ್ಗುಲು ಮಗುಚುವ ಮೊದಲೇ ಅದಕ್ಕೆ ಮೂರು ಸಲ ಮಣ್ಣು ಕೊಟ್ಟಂತಾಯಿತು. ಆದರೆ ಅದೇ 2025ರ ಏಪ್ರಿಲ್ 28ರಿಂದ, ಮರೆವಿನ ರೋಗಿಗಳಿಗೆ ಮನಸ್ಸನ್ನು ಮಂಕುಗೊಳಿಸುವ ಔಷಧಗಳನ್ನು ಕೊಡುವ ವಿಷಯದಲ್ಲಿ ಹೊಸದಾಗಿ ತಿದ್ದಿದ ಕಟ್ಟುನಿಟ್ಟಿನ ಸೂಚನೆಗಳು ಜಾರಿಗೆ ಬಂದವು. ಒಂದು ಕೈ ಮಾತ್ರೆಯನ್ನು ಕಸಿದುಕೊಳ್ಳುವದು. ಇನ್ನೊಂದು ಕೈ, ಮಾತ್ರೆಯ ಬದಲು ಬೇಕಾದ ಮನುಷ್ಯನನ್ನೂ ಕಸಿದುಕೊಳ್ಳುವದು. ಈ ವಿಸಂಗತಿಯು ಆ ದೇಶದವರಿಗೆ ಮಾತ್ರ ಸಂಬಂಧಪಟ್ಟದ್ದೆಂದು ನಮಗೆ ತೋರುವದಿಲ್ಲ.

ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ ಎಂದು ಅರ್ಥ. ಅಲ್ಲಿ ಹಾಗಲ್ಲ. ತಮ್ಮಷ್ಟಕ್ಕೆ ಉಣ್ಣಲು, ಉಡಲು, ಎದ್ದು ನಡೆಯಲು ಆಗದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ, ಬಹುಮಟ್ಟಿಗೆ ಸಾಯುವವರೆಗೆ ಇರುವ ಮನೆಗಳವು. ಆ ದೇಶದಲ್ಲಿ ಇಂಥವು ಸುಮಾರು 15,000 ಇರುವವು. ಅವುಗಳಲ್ಲಿ ಹನ್ನೆರಡು ಲಕ್ಷಕ್ಕೂ ಮಿಕ್ಕಿ ಜನರಿದ್ದಾರೆ. ನೂರರಲ್ಲಿ ಸುಮಾರು ಎಪ್ಪತ್ತು ಮನೆಗಳು ಲಾಭಕ್ಕಾಗಿ ನಡೆಯತಕ್ಕವು. ಖರ್ಚಿನ ದೊಡ್ಡ ಪಾಲು ಮಾತ್ರ ಸರಕಾರದ ಬೊಕ್ಕಸದಿಂದ ಹೋಗುವದು. ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಡಿಮೆನ್ಷಿಯಾ ಎಂದು ವೈದ್ಯರು ಕರೆಯುವ ರೋಗವಿದೆ. ನಾವು ಅದನ್ನು ಅರಳುಮರಳು ಎನ್ನುತ್ತ ಬಂದಿದ್ದೇವೆ. ಅರವತ್ತಾಯಿತೆಂದರೆ ಅದು ಬರತಕ್ಕದ್ದೇ ಎಂದು ನಕ್ಕು ಸುಮ್ಮನಾಗುತ್ತೇವೆ. ಆದರೆ ಅದು ವಯೋಧರ್ಮವಲ್ಲ, ಮಿದುಳಿನ ರೋಗ. ಮೊದಲು ನೆನಪು, ಆಮೇಲೆ ಮಾತು, ಆಮೇಲೆ ದಾರಿ, ಕೊನೆಗೆ ತುತ್ತು ನುಂಗುವ ಬಗೆಯೂ ಮರೆತುಹೋಗುವದು.

ಇಂಥ ರೋಗಿಯು ಹೊತ್ತು ಮುಳುಗುವಾಗ ಎದ್ದು ಬಾಗಿಲು ತಟ್ಟುತ್ತಾನೆ, ಸ್ನಾನ ಮಾಡಿಸಲು ಬಂದವರನ್ನು ಹೊಡೆಯುತ್ತಾನೆ, ರಾತ್ರಿಯೆಲ್ಲ ಕೂಗುತ್ತಾನೆ. ಹಿಂದೆ ಅವನನ್ನು ಕುರ್ಚಿಗೆ ಪಟ್ಟಿಯಿಂದ ಬಿಗಿಯುತ್ತಿದ್ದರು. 1986ರಲ್ಲಿ ಅಲ್ಲಿಯ ವೈದ್ಯವಿದ್ವಾಂಸರ ಸಂಸ್ಥೆಯೊಂದು ಈ ಮನೆಗಳ ದುಃಸ್ಥಿತಿಯ ಬಗ್ಗೆ ವರದಿಯನ್ನು ಕೊಟ್ಟ ಮೇಲೆ, 1987ರ ಡಿಸೆಂಬರದಲ್ಲಿ ಸುಧಾರಣೆಯ ಕಾಯದೆಯಾಯಿತು. ಶಿಸ್ತಿಗಾಗಿಯಾಗಲಿ ಸಿಬ್ಬಂದಿಯ ಅನುಕೂಲಕ್ಕಾಗಿಯಾಗಲಿ ಯಾವ ನಿವಾಸಿಯನ್ನೂ ಹಗ್ಗದಿಂದ ಕಟ್ಟಕೂಡದು, ಔಷಧದಿಂದಲೂ ಕಟ್ಟಕೂಡದು ಎಂಬದು ಆ ಕಾಯದೆಯ ತಿರುಳು. ಔಷಧವೂ ಹಗ್ಗವಾಗಬಲ್ಲದೆಂದು ಒಂದು ದೇಶದ ಶಾಸನವು ಬಾಯಿಬಿಟ್ಟು ಹೇಳಿದ್ದು ಸಣ್ಣ ಸಂಗತಿಯಲ್ಲ.

ಹಗ್ಗವು ಕಣ್ಣಿಗೆ ಕಾಣುವದರಿಂದ ಅದು ಬೇಗ ಕಡಿಮೆಯಾಯಿತು. ಮಾತ್ರೆಯು ಉಳಿಯಿತು. ತೀವ್ರ ಚಿತ್ತವಿಕಾರಕ್ಕೆ ಕೊಡತಕ್ಕ ಆಂಟಿಸೈಕೋಟಿಕ್ ಮದ್ದುಗಳನ್ನು ಮರೆವಿನ ಮುದುಕರಿಗೆ ಕೊಡುವದರಿಂದ ಅವರು ಸಾಯುವ ಸಂಭವವು ಹೆಚ್ಚುವದೆಂದು ಅಮೇರಿಕೆಯ ಔಷಧ ನಿಯಂತ್ರಣ ಇಲಾಖೆಯು 2005ರ ಏಪ್ರಿಲದಲ್ಲಿ ಎಚ್ಚರಿಸಿತು. ಹದಿನೇಳು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಯ ಹುಸಿಮಾತ್ರೆ ತಿಂದವರಿಗಿಂತ ಈ ಮದ್ದು ತಿಂದವರಲ್ಲಿ ಮರಣವು ಸುಮಾರು 1.6ರಿಂದ 1.7 ಪಟ್ಟು ಇತ್ತು. 2008ರಲ್ಲಿ ಇದೇ ವರ್ಗದ ಹಳೆಯ ಮದ್ದುಗಳಿಗೂ ಅದೇ ಎಚ್ಚರಿಕೆಯನ್ನು ಅಂಟಿಸಲಾಯಿತು. ಆದರೂ 2011ರ ಕೊನೆಯಲ್ಲಿ ಈ ಮನೆಗಳ ದೀರ್ಘವಾಸಿಗಳಲ್ಲಿ ನೂರಕ್ಕೆ 23.9 ಮಂದಿ ಈ ಮದ್ದನ್ನು ನುಂಗುತ್ತಿದ್ದರು. 2012ರಲ್ಲಿ ಸರಕಾರವು ಮನೆಗಳ ಒಡೆಯರನ್ನೂ ವೈದ್ಯರನ್ನೂ ಕೂಡಿಸಿಕೊಂಡು ಒಂದು ಚಳವಳಿಯನ್ನೇ ಹೂಡಿತು. ಪ್ರತಿಯೊಂದು ಮನೆಯಲ್ಲಿ ಎಷ್ಟು ಮಂದಿಗೆ ಈ ಮದ್ದು ಕೊಡಲಾಗುತ್ತದೆಂಬ ಲೆಕ್ಕವು ಜನರ ಕಣ್ಣಿಗೆ ಬೀಳುವಂತೆ ಮಾಡಿತು. ಕೆಲವೇ ವರ್ಷಗಳಲ್ಲಿ ಅಂಕಿಯು ನೂರಕ್ಕೆ ಹದಿನೈದರ ಆಸುಪಾಸಿಗೆ ಇಳಿಯಿತು. ಎಲ್ಲರೂ ಬೆನ್ನು ತಟ್ಟಿಕೊಂಡರು.

ಆದರೆ ಆ ಲೆಕ್ಕದಲ್ಲಿ ಒಂದು ಕಿಂಡಿಯಿತ್ತು. ಸ್ಕಿಜೋಫ್ರೇನಿಯಾ ಎಂಬ ಚಿತ್ತರೋಗವುಳ್ಳವರಿಗೆ ಈ ಮದ್ದು ನ್ಯಾಯವಾಗಿಯೇ ಬೇಕಾಗುವದರಿಂದ ಅವರನ್ನು ಎಣಿಕೆಯಿಂದ ಬಿಡಲಾಗಿತ್ತು. ಆ ರೋಗವು ಸಾಮಾನ್ಯವಾಗಿ ನಲವತ್ತರೊಳಗೇ ತಲೆದೋರತಕ್ಕದ್ದು. ಈ ಮನೆಗಳಲ್ಲಿಯೋ ಎಂಬತ್ತು ದಾಟಿದವರಿಗೂ ಅದು ಹೊಸದಾಗಿ ಅಂಟತೊಡಗಿತು! 2021ರ ಸಪ್ಟಂಬರದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಶೋಧಿಸಿ ಬರೆದ ಪ್ರಕಾರ, ಸಾಮಾನ್ಯ ಜನರಲ್ಲಿ 150 ಮಂದಿಗೆ ಒಬ್ಬರಂತಿರುವ ಈ ರೋಗವು ಶುಶ್ರೂಷಾಲಯಗಳ ಕಾಗದಪತ್ರಗಳಲ್ಲಿ ಒಂಬತ್ತು ಮಂದಿಗೆ ಒಬ್ಬರಂತೆ ಇತ್ತು. ಮದ್ದು ತಿನ್ನುವವರ ನಿಜವಾದ ಸಂಖ್ಯೆಯು ನೂರಕ್ಕೆ ಇಪ್ಪತ್ತೊಂದಕ್ಕೆ ಕಡಿಮೆಯಿರಲಿಲ್ಲ. 2022ರಲ್ಲಿ ಸರಕಾರದ್ದೇ ತಪಾಸಣಾಧಿಕಾರಿಯು ಇನ್ನೊಂದು ಸಂಗತಿಯನ್ನು ಹೊರಗೆಡಹಿದನು. ಆಂಟಿಸೈಕೋಟಿಕ್ ಇಳಿದಂತೆ, ಅಪಸ್ಮಾರಕ್ಕೆ ಕೊಡುವ ಮದ್ದುಗಳು ಏರಿದ್ದವು. ಮನಸ್ಸಿನ ಮೇಲೆ ಪರಿಣಾಮ ಮಾಡುವ ಯಾವುದಾದರೊಂದು ಮದ್ದನ್ನು ಪಡೆಯುವವರು 2011ರಿಂದ 2019ರ ವರೆಗೂ ನೂರಕ್ಕೆ ಸುಮಾರು ಎಂಬತ್ತರಲ್ಲಿಯೇ ನಿಂತಿದ್ದರು. ಹೊಲದ ಬೇಲಿಯನ್ನು ಒಂದು ಕಡೆಗೆ ಬಿಗಿದರೆ ದನವು ಇನ್ನೊಂದು ಕಡೆಯಿಂದ ನುಗ್ಗುವದು ಒಕ್ಕಲಿಗನಿಗೆ ಹೊಸ ಮಾತಲ್ಲ. 2023ರಿಂದ ಈ ರೋಗನಿರ್ಣಯಗಳ ತಪಾಸಣೆಯೂ, 2025ರ ಸೂಚನೆಗಳೂ ಬಂದದ್ದು ಈ ಹಿನ್ನೆಲೆಯಲ್ಲಿ. ಈಗ ಇಂಥ ಮದ್ದನ್ನು ಆರಂಭಿಸುವ ಅಥವಾ ಹೆಚ್ಚಿಸುವ ಮೊದಲು ಅದರ ಗುಣದೋಷಗಳನ್ನೂ ಬೇರೆ ಉಪಾಯಗಳನ್ನೂ ನಿವಾಸಿಗೆ ಇಲ್ಲವೆ ಅವನ ಪರವಾಗಿ ನಿಲ್ಲತಕ್ಕವರಿಗೆ ತಿಳಿಸಬೇಕು. ಬೇಡವೆನ್ನುವ ಹಕ್ಕು ಅವರಿಗುಂಟು. ಈ ಸೂಚನೆಗಳನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ.

ಆದರೆ ಮಾತ್ರೆಯನ್ನು ಬಿಡಿಸಿದ ಮೇಲೆ ಆ ಮುದುಕನ ಬಳಿಗೆ ಯಾರು ಹೋಗಬೇಕು? ಮಾತು ಮರೆತವನಿಗೆ ಕೂಗೊಂದೇ ಮಾತು. ಅದು ಹಲ್ಲುನೋವಿನ ಕೂಗಾಗಿರಬಹುದು, ಮೂತ್ರದ ಉರಿಯದಾಗಿರಬಹುದು, ಮಲಬದ್ಧತೆಯದಾಗಿರಬಹುದು. ಬಾಯಾರಿಕೆ, ಚಳಿ, ಅಪರಿಚಿತರು ಬಂದು ಉಡಿಗೆ ಕಳಚುವಾಗಿನ ನಾಚಿಕೆ, ಬರಿಯ ಭಯ, ಏನೂ ಆಗಿರಬಹುದು. ಯಾವುದೆಂದು ಅರಿಯಲು ಅವನನ್ನು ದಿನವೂ ಕಂಡು ಬಲ್ಲ ಒಬ್ಬರು ಪಕ್ಕದಲ್ಲಿ ಕೂಡ್ರಬೇಕು. ಪಡುವಣ ನಾರ್ವೆಯ ಹದಿನೆಂಟು ಶುಶ್ರೂಷಾಲಯಗಳಲ್ಲಿ 352 ಮಂದಿ ಇಂಥ ರೋಗಿಗಳ ಮೇಲೆ ನಡೆದ ಒಂದು ಪ್ರಯೋಗದ ವಿವರವು 2011ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮನೆವಿಭಾಗಗಳಲ್ಲಿ ರೋಗಿಗಳ ನೋವಿಗೆ ಕ್ರಮವಾಗಿ, ಮೆಟ್ಟಿಲು ಮೆಟ್ಟಿಲಾಗಿ ಉಪಚಾರ ಮಾಡಿದರು. ಎಂಟು ವಾರಗಳಲ್ಲಿ ಅವರ ಚಡಪಡಿಕೆಯು ಉಳಿದವರಿಗೆ ಹೋಲಿಸಿದರೆ ನೂರಕ್ಕೆ ಹದಿನೇಳರಷ್ಟು ಇಳಿಯಿತು. ಅವರಲ್ಲಿ ಬಹುಮಂದಿಗೆ ಕೊಟ್ಟದ್ದು ಯಾವ ಅಪರೂಪದ ರಸಾಯನವೂ ಅಲ್ಲ. ನಮ್ಮ ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಸಿಗುವ ಪ್ಯಾರಾಸಿಟಮಾಲ್. ಎಷ್ಟು ಜನ ಹುಚ್ಚರೆನಿಸಿಕೊಂಡವರು ಬರಿಯ ಕೀಲುನೋವಿನವರಾಗಿದ್ದರೋ ಎಂದು ನೆನೆದರೆ ಮೈ ಜುಮ್ಮೆನ್ನುವದು.

ಹೀಗೆ ಪಕ್ಕದಲ್ಲಿ ಕೂಡ್ರಲು ಸಮಯ ಬೇಕು, ಸಮಯಕ್ಕೆ ಜನ ಬೇಕು. ಈಗ ರದ್ದಾದ ನಿಯಮವು ಕೇಳಿದ್ದು ಇಷ್ಟೇ: ಒಬ್ಬ ನಿವಾಸಿಗೆ ದಿನದ ಇಪ್ಪತ್ನಾಲ್ಕು ತಾಸಿನಲ್ಲಿ ಒಟ್ಟು 3.48 ತಾಸು ಶುಶ್ರೂಷೆ. ಅದರಲ್ಲಿ ನೋಂದಾಯಿತ ದಾದಿಯದು ಮೂವತ್ತಮೂರು ಮಿನಿಟು, ಪರಿಚಾರಕರದು ಎರಡೂವರೆ ತಾಸಿಗೆ ತುಸು ಕಡಿಮೆ. ಮತ್ತು ಹಗಲಿರುಳೂ ಮನೆಯಲ್ಲಿ ಒಬ್ಬ ನೋಂದಾಯಿತ ದಾದಿ. ಇದು ದೊಡ್ಡ ಬೇಡಿಕೆಯಲ್ಲ. 2001ರಲ್ಲಿಯೇ ಸರಕಾರದ ಪರವಾಗಿ ನಡೆದ ಅಧ್ಯಯನವು 4.1 ತಾಸಿಗಿಂತ ಕಡಿಮೆಯಾದರೆ ನಿವಾಸಿಗಳಿಗೆ ಅಪಾಯವೆಂದು ಕಂಡುಕೊಂಡಿತ್ತು. ಮನೆಗಳ ಒಡೆಯರು, ದಾದಿಯರು ಸಿಗುವದೇ ಇಲ್ಲ, ಹಳ್ಳಿಗಾಡಿನ ಮನೆಗಳು ಬಾಗಿಲು ಮುಚ್ಚಬೇಕಾದೀತು ಎಂದು ವಾದಿಸಿದರು. ಈ ವಾದವು ಪೂರ್ತಿ ಸುಳ್ಳೆಂದು ನಾವು ಹೇಳುವದಿಲ್ಲ. ದೂರದ ಊರುಗಳಲ್ಲಿ ದಾದಿಯರ ಅಭಾವವು ನಿಜವಾದದ್ದೇ. ನ್ಯಾಯಾಲಯವಾದರೂ ನೋಡಿದ್ದು ರೋಗಿಯ ಅಗತ್ಯವನ್ನಲ್ಲ, ಅಧಿಕಾರದ ಮೇರೆಯನ್ನು. ದಿನಕ್ಕೆ ಎಂಟು ತಾಸು ದಾದಿಯಿದ್ದರೆ ಸಾಕೆಂದು ಕಾಂಗ್ರೆಸ್ ಸಭೆಯು 1987ರಲ್ಲಿ ಬರೆದಿರುವಾಗ ಇಪ್ಪತ್ನಾಲ್ಕು ತಾಸು ಬೇಕೆನ್ನಲು ಇಲಾಖೆಗೆ ಅಧಿಕಾರವಿಲ್ಲವೆಂದಿತು. ಹಾಗಾದರೆ ಕಾಯದೆಯನ್ನು ತಿದ್ದುವದು ಕಾಂಗ್ರೆಸ್ ಸಭೆಯ ಕೆಲಸವಾಗಿತ್ತು. ಅದು ಮಾಡಿದ್ದು ಒಂಬತ್ತು ವರ್ಷಗಳ ತಡೆಯನ್ನು. ದಾದಿಯರು ಏಕೆ ಸಿಗುವದಿಲ್ಲ, ಅವರ ಸಂಬಳವೆಷ್ಟು, 75 ತಾಸಿನ ತರಬೇತಿಯನ್ನು, ಎಂದರೆ ಹತ್ತು ದಿವಸವೂ ತುಂಬದ ಪಾಠವನ್ನು, ಮುಗಿಸಿದ ಪರಿಚಾರಕಿಯ ಮೇಲೆ ಎಷ್ಟು ಮಂದಿಯ ಭಾರವನ್ನು ಹೊರಿಸಲಾಗಿದೆ ಎಂಬ ಪ್ರಶ್ನೆಗಳು ಇದ್ದಲ್ಲಿಯೇ ಇರುವವು. ರಾತ್ರಿಯ ಪಾಳಿಯಲ್ಲಿ ಒಬ್ಬಳೇ ಓಡಾಡುವವಳು ಮೂರು ಕೋಣೆಗಳಿಂದ ಕೂಗು ಕೇಳಿಬಂದಾಗ ಮಾತ್ರೆಯನ್ನು ನೆನೆದರೆ ಅವಳನ್ನು ದೂರುವವರು ಯಾರು?

ಇನ್ನು ನಮ್ಮ ಮನೆಯ ಮಾತು. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಈ ರೋಗವಿರುವದೆಂದು ದೇಶವ್ಯಾಪಿಯಾಗಿ ನಡೆದ ಅಧ್ಯಯನದಿಂದ 2023ರಲ್ಲಿ ತಿಳಿದುಬಂದಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಇವರಲ್ಲಿ ಬಹುತೇಕ ಎಲ್ಲರನ್ನೂ ನೋಡಿಕೊಳ್ಳುವವರು ಮನೆಯ ಹೆಂಗಸರು: ಹೆಂಡತಿ, ಸೊಸೆ, ಮಗಳು. ಕೂಡುಕುಟುಂಬದ ಮಹಿಮೆಯನ್ನು ಸಭೆಗಳಲ್ಲಿ ಕೊಂಡಾಡುವವರು ಆ ಸೊಸೆಯು ಎಷ್ಟು ರಾತ್ರಿ ನಿದ್ದೆಗೆಟ್ಟಳೆಂದು ಕೇಳಿದ್ದನ್ನು ನಾವು ಕಾಣೆವು. ಮಕ್ಕಳು ದೂರದೇಶಗಳಲ್ಲಿ ನೆಲಸಿದ ಮನೆಗಳವರು ಬೆಂಗಳೂರಿನಂಥ ಪಟ್ಟಣಗಳಲ್ಲಿ ಪಾಲನಾಗೃಹಗಳನ್ನು ಹುಡುಕುತ್ತಿದ್ದಾರೆ. ಈ ಗೃಹಗಳಲ್ಲಿ ಒಳ್ಳೆಯವೂ ಇರುವವು. ಆದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯಲು ಒಬ್ಬ ಮಗನಿಗೆ ಬಾಗಿಲಲ್ಲಿ ನಿಂತು ಮೂಗಿನಿಂದ ವಾಸನೆ ನೋಡುವದರ ಹೊರತು ಬೇರೆ ಸಾಧನವೇನಿದೆ? ಅಮೇರಿಕೆಯಲ್ಲಿ ಮನೆಮನೆಯ ಔಷಧದ ಲೆಕ್ಕವು ಸುಳ್ಳಾಗಿತ್ತು, ನಿಜ. ಸುಳ್ಳೆಂದು ಹಿಡಿಯಲಿಕ್ಕಾದರೂ ಅಲ್ಲಿ ಒಂದು ಲೆಕ್ಕವಿತ್ತು.

ಹಿರಿಯ ನಾಗರಿಕರ ಪೋಷಣೆಯ 2007ರ ಕಾಯದೆಯು ಮಕ್ಕಳಿಂದ ಜೀವನಾಂಶ ಕೊಡಿಸುವದರಲ್ಲಿ ತೋರಿದ ಆಸಕ್ತಿಯನ್ನು ಪಾಲನಾಗೃಹಗಳ ಗುಣಮಟ್ಟದಲ್ಲಿ ತೋರಲಿಲ್ಲ. ಗೃಹಗಳನ್ನು ನೋಂದಾಯಿಸಬೇಕು, ಅವಕ್ಕೆ ಕನಿಷ್ಠ ಮಟ್ಟವನ್ನು ಗೊತ್ತುಪಡಿಸಬೇಕು ಎಂದು ಅದಕ್ಕೆ ತಿದ್ದುಪಡಿಯ ಬಿಲ್ಲೊಂದು 2019ರ ಡಿಸೆಂಬರದಲ್ಲಿ ಲೋಕಸಭೆಯ ಮುಂದೆ ಬಂತು, ಸಮಿತಿಗೆ ಹೋಯಿತು, 2024ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೆ ತಾನೂ ತೀರಿತು. ಅದಕ್ಕಾಗಿ ಯಾರೂ ಕಣ್ಣೀರು ಸುರಿಸಲಿಲ್ಲ.

ಆದರೂ ನಾವು ಬರಿಗೈಯಲ್ಲಿಲ್ಲ. 2017ರ ಮಾನಸಿಕ ಆರೋಗ್ಯರಕ್ಷಣೆಯ ಕಾಯದೆಯು ಮಾನಸಿಕ ಅಸ್ವಾಸ್ಥ್ಯದ ವ್ಯಾಖ್ಯೆಯಲ್ಲಿ ಸ್ಮೃತಿಯ ತೀವ್ರ ಕೆಡುಕನ್ನೂ ಹೆಸರಿಸಿದೆ. ನಮ್ಮ ಅಭಿಪ್ರಾಯದಲ್ಲಿ ಮರೆವಿನ ರೋಗಿಗಳನ್ನು ಇಟ್ಟುಕೊಂಡು ಪಾಲಿಸುವ ಗೃಹಗಳನ್ನು ಈ ಕಾಯದೆಯ ನೋಂದಣಿಗೆ ಒಳಪಡಿಸಲು ಈ ಮಾತುಗಳು ಸಾಕು. ಅದರ 97ನೆಯ ಕಲಮಿನಲ್ಲಿ, ಸಿಬ್ಬಂದಿಯು ಸಾಲದೆಂಬ ಕಾರಣದ ಮೇಲೆ ಯಾರನ್ನೂ ಕಟ್ಟಿಹಾಕಕೂಡದೆಂದು ಸ್ಪಷ್ಟವಾಗಿ ಬರೆದಿದೆ. ಅಮೇರಿಕೆಯ ನಿಯಮವು ಸತ್ತದ್ದು ಯಾವ ನೆವದ ಮೇಲೋ, ಆ ನೆವವನ್ನು ನಮ್ಮ ಪಾರ್ಲಿಮೆಂಟು ಎಂಟು ವರ್ಷ ಮೊದಲೇ ತಳ್ಳಿಹಾಕಿತ್ತು! ಕೊರತೆಯೇನೆಂದರೆ, ಆ ಕಲಮು ದೇಹವನ್ನು ಕಟ್ಟುವದರ ಮಾತನ್ನು ಆಡುತ್ತದೆಯೇ ಹೊರತು ಮಾತ್ರೆಯಿಂದ ಕಟ್ಟುವದರ ಮಾತನ್ನಲ್ಲ.

ಕರ್ನಾಟಕದ ಮಾನಸಿಕ ಆರೋಗ್ಯ ಪ್ರಾಧಿಕಾರವು ರಾಜ್ಯದಲ್ಲಿರುವ ಇಂಥ ಗೃಹಗಳ ಪಟ್ಟಿಯನ್ನು ತಯಾರಿಸಿ ಪ್ರಕಟಿಸಲಿ. ಪ್ರತಿಯೊಂದು ಗೃಹವೂ ತನ್ನಲ್ಲಿ ಎಷ್ಟು ಮಂದಿಗೆ ಯಾವ ಮದ್ದನ್ನು, ಯಾವ ವೈದ್ಯನ ಸಹಿಯ ಮೇಲೆ, ಯಾರಿಗೆ ತಿಳಿಸಿ ಕೊಡಲಾಗುತ್ತಿದೆ ಎಂಬದನ್ನೂ, ರಾತ್ರಿಯ ಪಾಳಿಯಲ್ಲಿ ಎಷ್ಟು ಜನ ಎಚ್ಚರವಿರುತ್ತಾರೆಂಬದನ್ನೂ ಬರೆದಿಡುವಂತೆ ಕಟ್ಟುಮಾಡಲಿ. ಎಣಿಕೆಯಿಂದ ಯಾವ ರೋಗದವರನ್ನೂ ಬಿಡಕೂಡದು. ಆ ಕಿಂಡಿಯ ಬೆಲೆಯನ್ನು ಅಮೇರಿಕೆಯ ವೃದ್ಧರು ಆಗಲೇ ತೆತ್ತಿದ್ದಾರೆ. ತೀರಿಹೋದ ಬಿಲ್ಲನ್ನು ಮತ್ತೆ ತರುವಂತೆ ನಮ್ಮ ನಾಡಿನ ಲೋಕಸಭಾ ಸದಸ್ಯರು ಒತ್ತಾಯಪಡಿಸಬೇಕು. ತರುವಾಗ ಒಬ್ಬ ರೋಗಿಗೆ ದಿನಕ್ಕೆ ಎಷ್ಟು ತಾಸಿನ ಶುಶ್ರೂಷೆ ಎಂಬ ಅಂಕಿಯನ್ನು ಇಲಾಖೆಯ ನಿಯಮಕ್ಕೆ ಬಿಡದೆ ಕಾಯದೆಯಲ್ಲಿಯೇ ಬರೆಯಿಸಬೇಕು.