ಅಡಮಾನವೂ ಆದಾಯವೂ

ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರ, ಮೂಗೂರು, ನಂಜನಗೂಡು – ಈ ಸೀಮೆಯ ರೈತನಿಗೆ ಸಾಲವೆಂಬುದು ಹೊಸ ಮಾತಲ್ಲ. ಬಿತ್ತನೆಗೋ ಮದುವೆಗೋ ಕಾಯಿಲೆಗೋ ಹೊಲವನ್ನು ಆಧಾರವಾಗಿಟ್ಟು ಹಣ ತರುವುದು ಹಿಂದಿನಿಂದ ಬಂದ ಪದ್ಧತಿ. ಪೈರು ಕೈಕೊಟ್ಟ ವರ್ಷ ಬಡ್ಡಿಯು ಅಸಲಿಗೆ ಸೇರುವುದು; ಕಡೆಗೆ ಹೊಲವೇ ಸಾಹುಕಾರನ ಪಾಲಾಗುವುದು.

ಈ ಬವಣೆಯನ್ನು ನೀಗಲೆಂದು 1929ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಹಕಾರಿ ಭೂ ಅಡಮಾನ ಬ್ಯಾಂಕು ಸ್ಥಾಪಿತವಾಯಿತು. ಹಳೆಯ ಸಾಲ ತೀರಿಸಲು ದೀರ್ಘಾವಧಿಯ ಹಣವಿತ್ತು ಕಂತಿನಲ್ಲಿ ಹಿಂಪಡೆಯುವುದು ಅದರ ಕ್ರಮ. ಆದರೂ ಸಾಹುಕಾರನ ಬಾಗಿಲು ಮುಚ್ಚಲಿಲ್ಲ. 1976ರ ಋಣ ಪರಿಹಾರ ಕಾಯಿದೆಯು ಸಣ್ಣ ರೈತರ, ಭೂಹೀನ ಕೂಲಿಕಾರರ ಸಾಲಗಳನ್ನು ರದ್ದುಗೊಳಿಸಿತು. ಸಾಲವೇನೋ ಅಳಿಯಿತು, ಮರುವರ್ಷದ ಬಿತ್ತನೆಗೆ ಹಣ ಬೇಕೆಂಬ ಅಗತ್ಯ ಅಳಿಯಲಿಲ್ಲ.

ಆಧಾರವಿದ್ದರೆ ಸಾಲ ಭದ್ರವೆಂಬ ಭ್ರಮೆ ಹಳ್ಳಿಯ ಸಾಹುಕಾರನೊಬ್ಬನದೇ ಅಲ್ಲ. ಅಮೆರಿಕದಲ್ಲಿ ತೀರಿಸುವ ಶಕ್ತಿಯಿಲ್ಲದವರಿಗೂ ಮನೆಗಳ ಮೇಲೆ ಧಾರಾಳವಾಗಿ ಸಾಲ ಕೊಟ್ಟರು. ಆ ಸಾಲಪತ್ರಗಳನ್ನು ಕಂತೆ ಕಟ್ಟಿ ಪರರಿಗೆ ಮಾರುತ್ತಿದ್ದುದರಿಂದ ಕೊಟ್ಟವನಿಗೆ ವಸೂಲಿಯ ಚಿಂತೆಯೇ ಇರಲಿಲ್ಲ. ಮನೆಗಳ ಬೆಲೆ ಇಳಿಯಿತು, ಕಂತುಗಳು ನಿಂತವು. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿಯೆದ್ದಿತು. ಲಕ್ಷಾಂತರ ಸಂಸಾರಗಳು ಮನೆ ಕಳೆದುಕೊಂಡವು.

ನಮ್ಮ ಹಳ್ಳಿಗಳಿಗೆ ಬಂದ ಮೈಕ್ರೋ ಫೈನಾನ್ಸ್ ಹೊಲವನ್ನು ಕೇಳಲಿಲ್ಲ, ಒಡವೆಯನ್ನೂ ಕೇಳಲಿಲ್ಲ. ಗುಂಪಿನ ಹೆಂಗಸರು ಒಬ್ಬರಿಗೊಬ್ಬರು ಹೊಣೆಯಾದರೆ ಸಾಕಿತ್ತು. ಅಲ್ಲಿ ಅಡವಿಟ್ಟದ್ದು ಮಾನವನ್ನು. ಒಂದು ಸಂಸ್ಥೆಯ ಕಂತಿಗೆ ಇನ್ನೊಂದರಲ್ಲಿ ಸಾಲ, ಅದರ ಕಂತಿಗೆ ಮತ್ತೊಂದರಲ್ಲಿ. 2025ರ ಜನವರಿಯಲ್ಲಿ ವಸೂಲಿಗಾರರ ಕಾಟ ತಾಳದೆ ನಂಜನಗೂಡು ತಾಲ್ಲೂಕಿನ ಕೆಲವು ಸಂಸಾರಗಳು ಮನೆಗೆ ಬೀಗ ಹಾಕಿ ಊರನ್ನೇ ಬಿಟ್ಟವು. ಮರುತಿಂಗಳು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ.

ಕಾಯಿದೆಯು ವಸೂಲಿಗಾರನನ್ನು ತಡೆದೀತು. ಸಂಬಳವನ್ನೋ ಬೆಳೆಯನ್ನೋ ಹೆಚ್ಚಿಸಲಾರದು. ಆದ್ದರಿಂದ ಕೊಡುವವನು ಆಧಾರಕ್ಕಿಂತ ಮೊದಲು ಆದಾಯವನ್ನು ವಿಚಾರಿಸಬೇಕು. ತರುವವರೂ ಅಷ್ಟೆ: ರುಜು ಹಾಕುವ ಮುನ್ನ ಗಂಡ ಹೆಂಡತಿ ಕೂಡಿ ಕುಳಿತು, ಬೆಳೆ ಕೆಟ್ಟ ತಿಂಗಳು, ಕೆಲಸ ತಪ್ಪಿದ ತಿಂಗಳು ಕಂತು ಎಲ್ಲಿಂದ ಬರುವುದೆಂದು ಲೆಕ್ಕ ಹಾಕುವುದೊಳಿತು. ಉತ್ತರ ಇನ್ನೊಂದು ಸಾಲವೆಂದಾದರೆ, ಆ ಕಾಗದವನ್ನು ಹಿಂದಿರುಗಿಸುವುದೇ ಲೇಸು.