ಅಂಕ ಕಡಿಮೆ ಬಂತೆ? ಬಿಡಿಸಿ ನೋಡಿ

ಹಣಕಾಸು ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ವಿದೇಶಕ್ಕೆ ಹೋಗಬಯಸುವ ಬಹಳಷ್ಟು ವಿದ್ಯಾರ್ಥಿಗಳು ದಾಟಬೇಕಾದ ಮೊದಲ ಹೊಸ್ತಿಲು ಜಿಮ್ಯಾಟ್ ಅಥವಾ ಜಿಆರ್‌ಇ ಪರೀಕ್ಷೆ. ತಿಂಗಳುಗಟ್ಟಲೆ ಓದಿ, ಇಪ್ಪತ್ತು ಸಾವಿರ ರೂಪಾಯಿಗೂ ಹೆಚ್ಚು ಶುಲ್ಕ ಕಟ್ಟಿ ಬರೆದ ಮೇಲೆ ಅಂಕ ಕಡಿಮೆ ಬಂದರೆ ಮನೆಯಲ್ಲಿ ಸೂತಕದ ಕಳೆ. ಅರ್ಜಿಯನ್ನೇ ಕೈಬಿಡುವವರು ಕೆಲವರು. ಅಂಕ ಕೇಳದ ಯಾವುದೋ ಕಾಲೇಜಿಗೆ ಸಾಲ ಮಾಡಿ ಹೊರಡುವವರು ಇನ್ನು ಕೆಲವರು. ಎರಡೂ ಅವಸರದ ತೀರ್ಮಾನಗಳೇ.

ಅಂಕ ನಿಜಕ್ಕೂ ಕಡಿಮೆಯೇ ಎಂಬುದನ್ನು ಮೊದಲು ನೋಡಬೇಕು. 'ದೊಡ್ಡಪ್ಪನ ಮಗನಿಗೆ 700 ಬಂದಿತ್ತು, ನಮ್ಮವಳಿಗೆ ಬರೀ 645' ಎಂದು ಕೊರಗುವ ಪೋಷಕರಿದ್ದಾರೆ. ಜಿಮ್ಯಾಟ್‌ನ ಹೊಸ ರೂಪ 2023ರ ನವೆಂಬರ್‌ನಲ್ಲಿ ಬಂತು; ಹಳೆಯದು 2024ರ ಜನವರಿಗೆ ಮುಗಿಯಿತು. ಮೊದಲು 200ರಿಂದ 800ರವರೆಗೆ ಇದ್ದ ಅಂಕ ಈಗ 205ರಿಂದ 805. ನೋಡಲು ಒಂದೇ ರೀತಿ ಕಂಡರೂ ಅಳತೆಗೋಲು ಬೇರೆ. ಹೊಸ 645, ಹಳೆಯ 700ಕ್ಕೆ ಸರಿಸುಮಾರು ಸಮ. ಹೋಲಿಸುವುದಾದರೆ ಪರ್ಸೆಂಟೈಲ್ ಹೋಲಿಸಬೇಕು. ಕಾಲೇಜು ಪ್ರಕಟಿಸುವ ಸರಾಸರಿಯೂ ಕನಿಷ್ಠ ಅಂಕವಲ್ಲ. ಅದಕ್ಕಿಂತ ಕಡಿಮೆ ಪಡೆದವರೂ ಅದೇ ತರಗತಿಯಲ್ಲಿ ಕುಳಿತಿರುತ್ತಾರೆ.

ನಂತರ ಒಟ್ಟು ಅಂಕವನ್ನು ಬಿಡಿಸಿ ನೋಡಬೇಕು. ಗಣಿತ, ಭಾಷೆ, ದತ್ತಾಂಶ ವಿಶ್ಲೇಷಣೆ - ಮೂರಕ್ಕೂ ತಲಾ 45 ನಿಮಿಷ, ತಲಾ 60ರಿಂದ 90 ಅಂಕ, ಸಮಾನ ತೂಕ. ಹಣಕಾಸು ತರಗತಿಯಲ್ಲಿ ಸಂಖ್ಯಾಶಾಸ್ತ್ರ, ಇಕಾನೊಮೆಟ್ರಿಕ್ಸ್‌ಗಳನ್ನು ಎದುರಿಸಲೇಬೇಕು. ಆದ್ದರಿಂದ ಆಯ್ಕೆ ಸಮಿತಿಯ ಮುಖ್ಯ ಪ್ರಶ್ನೆ: ಈ ವಿದ್ಯಾರ್ಥಿ ಲೆಕ್ಕದ ಭಾರ ತಾಳಬಲ್ಲನೇ? ಭಾಷೆಯಲ್ಲಿ ಸ್ವಲ್ಪ ಹಿಂದೆ ಬಿದ್ದು ಗಣಿತ ಚೆನ್ನಾಗಿದ್ದರೆ ಅರ್ಜಿ ಹಾಕಲು ಹಿಂಜರಿಯಬೇಕಿಲ್ಲ. ಗಣಿತವೇ ಕೈಕೊಟ್ಟಿದ್ದರೆ ಮಾತ್ರ ಯೋಚಿಸಬೇಕು.

ಜಿಮ್ಯಾಟನ್ನು 16 ದಿನಗಳ ನಂತರ, ಜಿಆರ್‌ಇಯನ್ನು 21 ದಿನಗಳ ನಂತರ ಮತ್ತೆ ಬರೆಯಬಹುದು. ಹನ್ನೆರಡು ತಿಂಗಳಲ್ಲಿ ಐದು ಬಾರಿ ಅವಕಾಶ. ಆದರೆ ಅದೇ ಓದಿನ ಮೇಲೆ ಮತ್ತೆ ಕುಳಿತರೆ ಫಲಿತಾಂಶವೂ ಹೆಚ್ಚುಕಡಿಮೆ ಅದೇ. ಸಮಯ ಸಾಲದೆ ತಪ್ಪಿತೇ, ವಿಷಯವೇ ತಿಳಿಯದೆ ತಪ್ಪಿತೇ ಎಂದು ಗುರುತಿಸಿಕೊಂಡು, ಅರ್ಜಿಯ ಕೊನೆಯ ದಿನಾಂಕ ನೋಡಿಕೊಂಡು ಮರುಪರೀಕ್ಷೆಗೆ ಹೆಸರು ಕೊಡುವುದು ಜಾಣತನ.

ಗಣಿತದ ಶಕ್ತಿಗೆ ಬೇರೆ ಸಾಕ್ಷಿಯನ್ನೂ ಒದಗಿಸಬಹುದು. ಬಿ.ಕಾಂ. ಓದಿದವರು ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರಗಳನ್ನು ಎನ್‌ಪಿಟಿಇಎಲ್ ಮೂಲಕ ಕಲಿತು, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬಹುದು. ಸಿಎಫ್‌ಎ ಮೊದಲ ಹಂತದ ತೇರ್ಗಡೆಯೂ ಒಳ್ಳೆಯ ಆಧಾರವೇ. ಕಡಿಮೆ ಅಂಕದ ಬಗ್ಗೆ ಅರ್ಜಿಯಲ್ಲಿ ಹೇಳುವುದಿದ್ದರೆ ಎರಡು ಮೂರು ವಾಕ್ಯ ಸಾಕು. 'ಅಂದು ಜ್ವರವಿತ್ತು' ಎಂಬುದಕ್ಕಿಂತ 'ಸಂಖ್ಯಾಶಾಸ್ತ್ರದಲ್ಲಿ ಇಷ್ಟು ಅಂಕ ಬಂದಿದೆ' ಎಂಬ ಮಾತಿಗೆ ತೂಕ ಹೆಚ್ಚು.

ಪೋಷಕರಿಗೆ ಒಂದು ಮಾತು. ಒಂದು ವರ್ಷ ತಡವಾದರೆ ನೆಂಟರು ಏನೆಂದಾರು ಎಂಬ ಅಳುಕಿನಿಂದ ಮನೆಯನ್ನು ಅಡವಿಡಬೇಡಿ. ಶುಲ್ಕವೆಷ್ಟು, ಅಲ್ಲಿ ಓದಿದವರಿಗೆ ಎಂತಹ ಕೆಲಸ ಸಿಕ್ಕಿದೆ ಎಂದು ವಿಚಾರಿಸದೆ ಸಾಲಪತ್ರಕ್ಕೆ ಸಹಿ ಹಾಕಬೇಡಿ. ಕಡಿಮೆ ಬಂದ ಅಂಕವನ್ನು ಕೆಲವು ತಿಂಗಳ ಓದಿನಿಂದ ತಿದ್ದಬಹುದು; ದುಡುಕಿ ಮಾಡಿದ ಸಾಲವನ್ನು ಹತ್ತಾರು ವರ್ಷ ತೀರಿಸಬೇಕಾಗುತ್ತದೆ.