ಕೀಲಿಯೂ ಕೀಲಿಕೈಯೂ

ಹೋದ ವರ್ಷದ ಮಾತು. ನಮ್ಮ ಕಾಲೇಜಿನ ಗಣಕಯಂತ್ರಗಳ ಕೋಣೆಯಲ್ಲಿ ಬಿ.ಎ. ತರಗತಿಯ ಹುಡುಗನೊಬ್ಬನು ನನ್ನ ಬಳಿ ಸಂಕೋಚದಿಂದ ಬಂದು ಚೀಟಿಯೊಂದನ್ನು ತೋರಿಸಿದನು.

"ಸರ್, ಇದು ನಿಮ್ಮ ಪಾಸ್‌ವರ್ಡ್ ಏನ್ರಿ?"

"ಹೌದಪಾ, ನಿನಗ ಎಲ್ಲಿ ಸಿಕ್ತು?"

"ನೀವ ಬರದು ಇಟ್ಟೀರಲ್ಲರಿ!"

ಆತನ ಮಾತು ಸುಳ್ಳಾಗಿರಲಿಲ್ಲ.

ವಾಚಕರಿಗೆ ಹಿನ್ನೆಲೆಯನ್ನು ಹೇಳಬೇಕು. ಮೂಡಲಗಿ ಸೀಮೆಯ ಕುಲಗೋಡವು ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರು. ಅದೇ ಸೀಮೆಯ ಕೌಜಲಗಿಯು ಆ ಆಟದಿಂದ ನಾಡಿಗೆಲ್ಲ ಹೆಸರಾದ ನಿಂಗಮ್ಮನ ಊರು. ಅಲ್ಲಿಯ ವೃದ್ಧ ಕಲಾವಿದರ ಹಾಡುಗಳನ್ನು ನಾನೂ ಹುಕ್ಕೇರಿಯ ಗೆಳೆಯರೊಬ್ಬರೂ ಧ್ವನಿಮುದ್ರಿಸುತ್ತಿದ್ದೇವೆ. ಆ ಕಡತಗಳು ಗೋಕಾಕದಿಂದ ಪ್ರತಿ ರಾತ್ರಿ, ನಾವು ಬಾಡಿಗೆಗೆ ಹಿಡಿದ ದೂರದ ಸರ್ವರನ್ನು ಸೇರಬೇಕು. ಹಾಡಿದವರಲ್ಲಿ ಇಬ್ಬರು ಈಗ ಇಲ್ಲ. ಯಾರಾದರೂ ಒಳಹೊಕ್ಕು ಅಳಿಸಿದರೆ, ಮತ್ತೊಮ್ಮೆ ಹಾಡಿರೆಂದು ಯಾರನ್ನು ಕೇಳುವುದು?

ಎಸ್‌ಎಸ್‌ಎಚ್ ಎಂಬ ವ್ಯವಸ್ಥೆಯ ಮೂಲಕ ದೂರದ ಯಂತ್ರವನ್ನು ನಡೆಸಲೂ ಬರುತ್ತದೆ, ಕಡತ ಕಳಿಸಲೂ ಬರುತ್ತದೆ. ಆದರೆ ಪ್ರತಿ ಸಲವೂ ಅದು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಸ್ಕ್ರಿಪ್ಟಿನಿಂದ ಕೊಡಲು ಹೋದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಟರ್ಮಿನಲ್ಲಿನ ಮುಂದೆ ಕುಳಿತ ಮನುಷ್ಯನೇ ಒತ್ತಬೇಕೆಂಬುದು ಅದರ ಹಟ. ಈ ಹಟವನ್ನು ಮುರಿಯಲು ಎಸ್‌ಎಸ್‌ಎಚ್‌ಪಾಸ್ ಎಂಬ ಸಣ್ಣ ತಂತ್ರಾಂಶವಿದೆ. ಅದು ಹುಸಿ ಟರ್ಮಿನಲ್ಲೊಂದನ್ನು ಹೂಡಿ, ಮನುಷ್ಯನ ವೇಷದಲ್ಲಿ ಪಾಸ್‌ವರ್ಡನ್ನು ಒಪ್ಪಿಸುತ್ತದೆ. ಪಾರಿಜಾತದ ನಾಡಿನವನಾದ ನನಗೆ ವೇಷ ಹಿಡಿಸಿತು. ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲಿಯೇ ಬರೆದು, ಎಲ್ಲರೂ ಬಳಸುವ ಯಂತ್ರದಲ್ಲಿಟ್ಟು ನಿಶ್ಚಿಂತನಾದೆನು. ಅಷ್ಟು ಸಾಲದೆಂಬಂತೆ ಹುಕ್ಕೇರಿಯ ಗೆಳೆಯರಿಗೆ ಅದರ ಪ್ರತಿಯನ್ನು ವಾಟ್ಸ್‌ಆಪಿನಲ್ಲಿ ಕಳಿಸಿದೆನು. ಆಜ್ಞೆಯ ಸಾಲಿನಲ್ಲಿಯೇ ಪಾಸ್‌ವರ್ಡ್ ಬರೆಯುವ ರೀತಿಯು ಎಲ್ಲಕ್ಕಿಂತ ಅಪಾಯಕರವೆಂದು ಆ ತಂತ್ರಾಂಶದ ಕೈಪಿಡಿಯೇ ಎಚ್ಚರಿಸುತ್ತದೆ. ಕೈಪಿಡಿಯನ್ನು ನಾನು ಓದಿದ್ದು ಹುಡುಗನು ಚೀಟಿ ತೋರಿಸಿದ ಮೇಲೆ!

ಎಸ್‌ಎಸ್‌ಎಚ್ ಹುಟ್ಟಿದ್ದೇ ಪಾಸ್‌ವರ್ಡಿನ ಕಳವಿನಿಂದ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚುಹಾಕಿ ಪಾಸ್‌ವರ್ಡುಗಳನ್ನು ಕದ್ದರು. ಆಗ ಬಳಕೆಯಲ್ಲಿದ್ದ ಟೆಲ್‌ನೆಟ್ ಅವುಗಳನ್ನು ಬಿಚ್ಚುಮುಖದಲ್ಲಿಯೇ ಸಾಗಿಸುತ್ತಿತ್ತು. ಅಲ್ಲಿಯ ಟಾಟು ಯ್ಲೋನೆನ್ ಅದೇ ವರ್ಷ ಈ ಗುಪ್ತಮಾರ್ಗವನ್ನು ರಚಿಸಿದನು. ಅಂಥ ಮಾರ್ಗದ ಬಾಗಿಲಲ್ಲಿ ನಾನು ಪಾಸ್‌ವರ್ಡಿನ ಫಲಕವನ್ನು ತೂಗುಹಾಕಿದ್ದೆನು.

ಪಾಸ್‌ವರ್ಡನ್ನೇ ಬಿಟ್ಟುಕೊಡುವ ದಾರಿಯೊಂದಿದೆ. ಎಸ್‌ಎಸ್‌ಎಚ್-ಕೀಜೆನ್ ಎಂಬ ಆಜ್ಞೆಯು ಒಂದು ಜೋಡಿಯನ್ನು ಹುಟ್ಟಿಸುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಕೀ' ಎಂದೇ ಹೆಸರಿರುವುದರಿಂದ ಹೊಸಬರಿಗೆ ಗೊಂದಲ. ನಮ್ಮ ಕಡೆಯ ಮಾತಿನಲ್ಲಿ ಬಾಗಿಲಿಗೆ ಹಾಕುವುದು ಕೀಲಿ, ಜೇಬಿನಲ್ಲಿರುವುದು ಕೀಲಿಕೈ. ಗೊಂದಲಕ್ಕೆ ಎಡೆಯೇ ಇಲ್ಲ. ಕೀಲಿಯನ್ನು ಎಸ್‌ಎಸ್‌ಎಚ್-ಕಾಪಿ-ಐಡಿ ಎಂಬ ಆಜ್ಞೆಯಿಂದ ಸರ್ವರಿನ ಬಾಗಿಲಿಗೆ ಹಾಕಬೇಕು. ಅದನ್ನು ಯಾರು ನೋಡಿದರೂ ಚಿಂತೆಯಿಲ್ಲ. ಕೀಲಿಕೈ ಮಾತ್ರ ನಮ್ಮ ಯಂತ್ರವನ್ನು ಬಿಟ್ಟು ಹೊರಡುವುದಿಲ್ಲ. ಸರ್ವರು ಗುರುತು ಕೇಳಿದಾಗ ನಮ್ಮ ಯಂತ್ರವು ಅದರಿಂದ ರುಜು ಹಾಕಿ ರುಜುವನ್ನಷ್ಟೇ ಕಳಿಸುತ್ತದೆ.

ಕೀಲಿಕೈಗೂ ಗುಪ್ತವಾಕ್ಯವೊಂದನ್ನು ಇಡಬಹುದು, ಇಡುವುದು ಒಳ್ಳೆಯದು. ಆದರೆ ನಡುರಾತ್ರಿ ತಾನೇ ನಡೆಯುವ ಕೆಲಸಕ್ಕೆ ಅದನ್ನು ಹೇಳುವವರಾರು? ಅಂಥ ಕೀಲಿಕೈಯನ್ನು ಬೇರೆಯಾಗಿಯೇ ಮಾಡಿಸಿ, ಅದರಿಂದ ಕಡತ ಕಳಿಸಲಷ್ಟೇ ಬರುವಂತೆ ಸರ್ವರಿನಲ್ಲಿ ಕಟ್ಟು ಹಾಕಬೇಕು. ಕೆಲವು ಹಳೆಯ ಸರ್ವರುಗಳು ಪಾಸ್‌ವರ್ಡನ್ನಲ್ಲದೆ ಬೇರೇನನ್ನೂ ಒಪ್ಪವು. ಅಲ್ಲಿ ಎಸ್‌ಎಸ್‌ಎಚ್‌ಪಾಸನ್ನೇ ಬಳಸಬೇಕಾಗುತ್ತದೆ. ಆಗ ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲಿ ಬರೆಯದೆ, ಒಡೆಯನೊಬ್ಬನೇ ಓದಬಲ್ಲ ಬೇರೆ ಕಡತದಲ್ಲಿಡುವುದು ಲೇಸು.

ಅಂದೇ ಪಾಸ್‌ವರ್ಡನ್ನು ಬದಲಿಸಿದೆನು. ನನಗೂ ಗೆಳೆಯರಿಗೂ ಬೇರೆ ಬೇರೆ ಕೀಲಿಗಳಾದ ಮೇಲೆ ಸರ್ವರಿನಲ್ಲಿ ಪಾಸ್‌ವರ್ಡಿನ ಪ್ರವೇಶವನ್ನೇ ಮುಚ್ಚಿದೆವು. ನಾಲ್ಕು ತಿಂಗಳಲ್ಲಿ ಗೆಳೆಯರ ಲ್ಯಾಪ್‌ಟಾಪು ಬಸ್ಸಿನಲ್ಲಿ ಕಳವಾಯಿತು. ಅವರು ಗಾಬರಿಯಿಂದ ಫೋನು ಮಾಡಿದಾಗ ನಾನು ಸರ್ವರಿನ ಪಟ್ಟಿಯಿಂದ ಅವರ ಕೀಲಿಯ ಒಂದು ಸಾಲನ್ನು ಅಳಿಸಿದೆನು. ಮರುವಾರ ಅವರು ಹೊಸ ಯಂತ್ರದಿಂದ ಹೊಸ ಕೀಲಿಯನ್ನು ಕಳಿಸಿದರು. ಆ ರಾತ್ರಿ ಕುಲಗೋಡದ ಅಜ್ಜನೊಬ್ಬನ ಒಂದು ತಾಸಿನ ಹಾಡು ಸರ್ವರನ್ನು ಸೇರಿತು.